ಕವಿತೆಗೂ ಹೊತ್ತುಗೊತ್ತು ಬೇಕೆ?

ಕವಿತೆಯನ್ನು ದಿನವೂ ಓದುವ ಪರಿಪಾಠವೆಂದರೆ, ಅಂದಿನ ಮನಸ್ಸು ಹೇಗೇ ಇರಲಿ, ಗೊತ್ತಾದ ಹೊತ್ತಿನಲ್ಲಿ ಒಂದೆರಡು ಪದ್ಯಗಳನ್ನು ಗಮನವಿಟ್ಟು ಓದುವುದು. ಪತ್ರಿಕೆ, ಕಾದಂಬರಿ, ಧರ್ಮಗ್ರಂಥಗಳ ವಿಷಯದಲ್ಲಿ ಇಂಥ ಪರಿಪಾಠಕ್ಕೆ ಯಾರ ತಕರಾರೂ ಇಲ್ಲ. ಕವಿತೆಯ ಮಾತು ಬಂದಾಗ ಮಾತ್ರ ಸಾಹಿತ್ಯದಲ್ಲಿ ನಿಜವಾದ ಪ್ರೀತಿ ಇರುವವರೂ ಹಿಂಜರಿಯುತ್ತಾರೆ. ಕವಿತೆ ಮನಸ್ಸು ಬಂದಾಗ ಓದುವಂಥದ್ದು, ದಿನಚರಿಗೆ ಕಟ್ಟಿಹಾಕಿದರೆ ಅದರ ಜೀವ ಹೋಗುತ್ತದೆ ಎಂಬುದು ಅವರ ನಂಬಿಕೆ. ಸೋಮಾರಿತನದ ನೆಪವೆಂದು ಈ ನಂಬಿಕೆಯನ್ನು ತಳ್ಳಿಹಾಕುವುದು ಸರಿಯಾಗದು. ಅದು ಕವಿತೆಯ ಮೇಲಿನ ಗೌರವದಿಂದಲೇ ಹುಟ್ಟಿದ್ದು, ಅದರ ಹಿಂದೆ ಯೋಚಿಸಿ ಕಟ್ಟಿದ ಮೂರು ವಾದಗಳಿವೆ.

1. ಕವಿತೆ ಕವಿಯ ಬದುಕಿನ ವಿಶೇಷ ಗಳಿಗೆಯೊಂದರಲ್ಲಿ ಹುಟ್ಟುತ್ತದೆ. ಓದುವವರ ಮನಸ್ಸೂ ಅದಕ್ಕೆ ಹೊಂದುವ ಸ್ಥಿತಿಯಲ್ಲಿದ್ದಾಗ ಮಾತ್ರ ಎರಡೂ ಕೂಡುತ್ತವೆ. ಅಂಥ ಸ್ಥಿತಿಯನ್ನು ಗಡಿಯಾರ ನೋಡಿ ಕರೆಯಲಾಗದು.

2. ಸೌಂದರ್ಯದ ಅನುಭವದಲ್ಲಿ ಹೊಸತನಕ್ಕೆ ದೊಡ್ಡ ಪಾಲಿದೆ. ದಿನವೂ ಕಂಡದ್ದು, ಕೇಳಿದ್ದು ಕ್ರಮೇಣ ಕಣ್ಣಿಗೆ ಬೀಳುವುದೂ ಇಲ್ಲ, ಕಿವಿಗೆ ತಾಕುವುದೂ ಇಲ್ಲ. ರೂಢಿ ಇಂದ್ರಿಯಗಳನ್ನು ಮೊಂಡಾಗಿಸುತ್ತದೆ.

3. ಕಡ್ಡಾಯ ಮಾಡಿದ ಓದು ಕವಿತೆಯ ಬಗ್ಗೆ ಬೇಸರ ಹುಟ್ಟಿಸುತ್ತದೆ. ಶಾಲೆಯಲ್ಲಿ ಪದ್ಯ ಓದಿ ಬಂದ ಹೆಚ್ಚಿನವರು ಮುಂದೆ ಪದ್ಯದ ಪುಸ್ತಕ ಮುಟ್ಟದಿರುವುದೇ ಇದಕ್ಕೆ ಸಾಕ್ಷಿ.

ಮೂರರಲ್ಲಿಯೂ ಸತ್ಯದ ಅಂಶವಿದೆ. ಆದರೆ ಬೇರೆ ಬೇರೆಯಾಗಿ ಇಡಬೇಕಾದ ಸಂಗತಿಗಳು ಪ್ರತಿಯೊಂದರಲ್ಲೂ ಕಲಸಿಹೋಗಿವೆ.

ಮೊದಲನೆಯ ವಾದವು ಕವಿತೆ ಹುಟ್ಟುವ ಬಗೆಯನ್ನೂ ಅದು ಓದುಗರಲ್ಲಿ ಕೆಲಸ ಮಾಡುವ ಬಗೆಯನ್ನೂ ಒಂದೇ ಎಂದು ಹಿಡಿಯುತ್ತದೆ. ಕವಿತೆ ಸ್ಫೂರ್ತಿಯ ಗಳಿಗೆಯಲ್ಲೇ ಹುಟ್ಟುತ್ತದೆಂದು ಒಪ್ಪಿಕೊಂಡರೂ, ಓದಿಗೂ ಅಂಥದೇ ಗಳಿಗೆ ಬೇಕೆಂದು ಅದರಿಂದ ಸಿದ್ಧವಾಗುವುದಿಲ್ಲ. ವಿರಹದ ಪದ್ಯ ಓದಲು ವಿರಹಿಯೇ ಆಗಿರಬೇಕಿಲ್ಲ. ಯುದ್ಧಪರ್ವ ಓದುವವರಿಗೆ ಅಂದು ಯಾರ ಮೇಲೂ ಸಿಟ್ಟು ಬಂದಿರಬೇಕಿಲ್ಲ. ಮಗುವನ್ನು ಕಳೆದುಕೊಂಡ ದುಃಖವನ್ನು ಹೇಳುವ ಕವಿತೆಯನ್ನು, ಅದೇ ದುಃಖ ಹೊಸದಾಗಿ ಬಡಿದ ಮನೆಯವರು ಓದಲಾರರು. ಅವರ ಸಂಕಟ ಅವರದೇ ಆಗಿ ಎದುರಿಗೆ ನಿಂತಿರುತ್ತದೆ, ಕವಿತೆಗೆ ಜಾಗವನ್ನೇ ಬಿಡುವುದಿಲ್ಲ. ಭಾರತೀಯ ಕಾವ್ಯಮೀಮಾಂಸೆ ಇದನ್ನು ಬಹಳ ಹಿಂದೆಯೇ ಗುರುತಿಸಿದೆ. ಸುಮಾರು ಕ್ರಿ.ಶ. 1000ರ ಹೊತ್ತಿಗೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅವುಗಳಲ್ಲೊಂದು, ಪ್ರೇಕ್ಷಕ ತನ್ನದೇ ಸುಖದುಃಖಗಳಿಗೆ ವಶನಾಗಿರುವುದು. ಆ ವಿಘ್ನ ತಾನಾಗಿ ತೊಲಗಲಿ ಎಂದು ಅವನು ಕಾಯಹೇಳುವುದಿಲ್ಲ; ಅದನ್ನು ಕಳೆಯಲೆಂದೇ ರಂಗದಲ್ಲಿ ಗೀತ, ವಾದ್ಯ, ಮಂಟಪದ ಅಲಂಕಾರಗಳು ಇರುವುದೆನ್ನುತ್ತಾನೆ. ಹಾಗಾದರೆ ಕವಿತೆಗೆ ‘ಮನಸ್ಸು ಬರುವುದು’ ಎನ್ನುವಾಗ ಜನ ಸಾಮಾನ್ಯವಾಗಿ ಎಣಿಸುವ ಭಾವದ ತುಂಬುವಿಕೆ ಎಷ್ಟೋ ಸಲ ರಸಕ್ಕೆ ಅಡ್ಡಿಯೇ ಆಗಿರುತ್ತದೆ. ಬೇಕಾದದ್ದು ಸ್ವಂತ ಭಾವದಿಂದ ತುಸು ಬಿಡುಗಡೆ. ಅದನ್ನು ಏರ್ಪಡಿಸಿಕೊಳ್ಳಬಹುದು. ಗೊತ್ತಾದ ಹೊತ್ತು, ಗೊತ್ತಾದ ಜಾಗ, ದನಿ ಎತ್ತಿ ಓದುವ ರೂಢಿ ಇವು ಒಬ್ಬಂಟಿ ಓದುಗರ ಪಾಲಿಗೆ ರಂಗದ ಆ ಗೀತವಾದ್ಯಗಳ ಕೆಲಸವನ್ನೇ ಮಾಡುತ್ತವೆ.

ಮನಸ್ಸು ಬರಬೇಕೆಂಬ ಕಲ್ಪನೆ ಕನ್ನಡದಲ್ಲಿ ಈ ರೂಪದಲ್ಲಿ ಬಲವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದ ಮೇಲೆ ಭಾವಗೀತೆ ಕನ್ನಡ ಕಾವ್ಯದ ಮುಖ್ಯ ಪ್ರಕಾರವಾಗಿ ಬೆಳೆಯಿತು. 1942ರ ‘ಮೈಸೂರು ಮಲ್ಲಿಗೆ’ಯ ಹೊತ್ತಿಗೆ ಅದು ಮನೆಮನೆಗೆ ಹೋಗಿತ್ತು. ಒಂದು ಭಾವ, ಒಂದು ಗಳಿಗೆ, ಒಬ್ಬರ ಅಂತರಂಗ ಎಂಬ ಭಾವಗೀತೆಯ ಲಕ್ಷಣ ನಿಧಾನವಾಗಿ ಕಾವ್ಯದ್ದೇ ಲಕ್ಷಣವೆಂಬಂತೆ ತೋರತೊಡಗಿತು. ಕುಮಾರವ್ಯಾಸನನ್ನೂ ಲಕ್ಷ್ಮೀಶನನ್ನೂ ಅದೇ ಕಣ್ಣಿನಿಂದ ನೋಡಿ, ಅಲ್ಲಲ್ಲಿ ಮಿಂಚುವ ಪದ್ಯಗಳನ್ನು ಆರಿಸಿ ಉಳಿದುದನ್ನು ಬಿಡುವ ಓದು ಬೆಳೆಯಿತು. ಈ ಕಲ್ಪನೆಯ ಮೂಲವೆಂದು ಹೇಳುವ ಇಂಗ್ಲಿಷ್ ರಮ್ಯಕವಿಗಳಾದರೂ ಇಷ್ಟು ಸರಳವಾಗಿ ಮಾತಾಡಿದವರಲ್ಲ. ವರ್ಡ್ಸ್‌ವರ್ತ್ ‘ಲಿರಿಕಲ್ ಬ್ಯಾಲಡ್ಸ್’ನ 1800ರ ಮುದ್ರಣಕ್ಕೆ ಬರೆದ ಪೀಠಿಕೆಯಲ್ಲಿ ಕಾವ್ಯವು ಭಾವದ ಉಕ್ಕು ಎಂದದ್ದು ಎಲ್ಲರಿಗೂ ನೆನಪಿದೆ. ಆ ಭಾವವನ್ನು ಶಾಂತ ಸ್ಥಿತಿಯಲ್ಲಿ ಮತ್ತೆ ನೆನೆಯಬೇಕೆಂದೂ, ಬೆಲೆಯುಳ್ಳ ಕವಿತೆ ದೀರ್ಘಕಾಲ ಆಳವಾಗಿ ಚಿಂತಿಸಿದವನಿಂದಲೇ ಬರುತ್ತದೆಂದೂ ಅಲ್ಲಿಯೇ ಹೇಳಿದ್ದಾನೆ. ಓದುಗರ ಬಗ್ಗೆ ಅವನ ಮಾತು ಇನ್ನೂ ಸ್ಪಷ್ಟ. ಚಿತ್ರಕಾರ ರೆನಾಲ್ಡ್ಸ್‌ನನ್ನು ನೆನೆದು, ಕಾವ್ಯದಲ್ಲಿ ಸರಿಯಾದ ಅಭಿರುಚಿಯೆಂಬುದು ಗಳಿಸಿಕೊಂಡ ಶಕ್ತಿ, ಚಿಂತನೆಯಿಂದಲೂ ಉತ್ತಮ ಕೃತಿಗಳ ದೀರ್ಘ ಒಡನಾಟದಿಂದಲೂ ಮಾತ್ರ ಅದು ಬರುತ್ತದೆ ಎನ್ನುತ್ತಾನೆ. ಅಭಿನವಗುಪ್ತನ ನಿಲುವೂ ಇದೇ. ಆನಂದವರ್ಧನನ ‘ಧ್ವನ್ಯಾಲೋಕ’ಕ್ಕೆ ಬರೆದ ವ್ಯಾಖ್ಯಾನ ‘ಲೋಚನ’ದಲ್ಲಿ ಸಹೃದಯ ಯಾರೆಂದು ಹೇಳುವಾಗ, ಕಾವ್ಯವನ್ನು ಮತ್ತೆ ಮತ್ತೆ ಪರಿಶೀಲಿಸುವ ಅಭ್ಯಾಸದಿಂದ ಯಾರ ಮನಸ್ಸು ತಿಳಿಯಾಗಿದೆಯೋ ಅವರು ಎಂದು ಅಭ್ಯಾಸವನ್ನು ಲಕ್ಷಣದೊಳಗೇ ಸೇರಿಸುತ್ತಾನೆ. ಎಂಟು ಶತಮಾನಗಳ ಅಂತರದಲ್ಲಿ, ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಓದುಗರ ಬಗ್ಗೆ ಒಂದೇ ತೀರ್ಮಾನಕ್ಕೆ ಬಂದಿದ್ದಾರೆ. ಕವಿತೆಗೆ ಒಪ್ಪುವ ಮನಸ್ಸು ಓದಿನ ಫಲವೇ ಹೊರತು ಓದಿಗೆ ಮೊದಲು ಕೈಯಲ್ಲಿರಬೇಕಾದ ಬಂಡವಾಳವಲ್ಲ.

ದಿನದಿನದ ಅನುಭವವೂ ಇದನ್ನೇ ಹೇಳುತ್ತದೆ. ಪದ್ಯದ ಪುಸ್ತಕ ತೆರೆದಾಗ ಮೊದಲ ಕೆಲವು ಸಾಲುಗಳು ಯಾರಿಗಾದರೂ ಶ್ರಮವೇ. ವ್ಯವಹಾರದ ಮಾತು, ಸುದ್ದಿಯ ಮಾತು ಓಡುವ ವೇಗಕ್ಕೆ ಹೊಂದಿಕೊಂಡ ಕಣ್ಣು ಅರ್ಥ ಸಿಕ್ಕಿದೊಡನೆ ಮುಂದಕ್ಕೆ ಜಾರಲು ನೋಡುತ್ತದೆ. ಪದ್ಯ ತಡೆದು ನಿಲ್ಲಿಸುತ್ತದೆ. ಈ ತಡೆಯನ್ನು ದಾಟುವ ಶ್ರಮ ನಿನ್ನೆ ಓದಿದವರಿಗೆ ಕಡಿಮೆ, ಕಳೆದ ವರ್ಷ ಓದಿದವರಿಗೆ ಹೆಚ್ಚು. ಮನಸ್ಸು ಬರಲೆಂದು ಕಾಯುವವರು ಅಪರೂಪಕ್ಕೆ ಓದುತ್ತಾರೆ. ಅಪರೂಪವಾದ್ದರಿಂದ ಓದಿನ ಶ್ರಮ ಪ್ರತಿಸಲವೂ ದೊಡ್ಡದಾಗಿ ಕಾಣುತ್ತದೆ. ಶ್ರಮ ದೊಡ್ಡದಾದ್ದರಿಂದ ಮನಸ್ಸು ಬರುವುದು ಇನ್ನೂ ಅಪರೂಪವಾಗುತ್ತದೆ. ಹೀಗೆ ಕವಿತೆಯನ್ನು ಗೌರವಿಸುತ್ತಲೇ ವರ್ಷಗಟ್ಟಲೆ ಓದದೆ ಇರುವವರು ಕನ್ನಡದಲ್ಲಿ ಕಡಿಮೆಯೇನಿಲ್ಲ.

ಎರಡನೆಯ ವಾದ ಹೆಚ್ಚು ಗಟ್ಟಿಯಾದದ್ದು. ರೂಢಿಯಾದದ್ದು ಗಮನಕ್ಕೆ ಬೀಳುವುದಿಲ್ಲ ಎಂಬುದು ನಿಜ. ಆದರೆ ರೂಢಿಯಲ್ಲಿ ಎರಡು ಬಗೆ ಇದೆ. ಇಂಥ ಹೊತ್ತಿಗೆ ಪುಸ್ತಕ ತೆರೆಯುವುದು ಎಂಬ ಕ್ರಿಯೆ ರೂಢಿಯಾಗುವುದು ಒಂದು. ತೆರೆದ ಮೇಲೆ ಪುಟದಲ್ಲಿರುವುದನ್ನು ನೋಡದೆ ಸಾಗುವುದು ರೂಢಿಯಾಗುವುದು ಇನ್ನೊಂದು. ಮೊದಲನೆಯದರಿಂದ ಎರಡನೆಯದು ಬಂದೇ ತೀರುತ್ತದೆಂದು ತೋರಿಸಿದ ಹೊರತು ವಾದ ಪೂರ್ತಿಯಾಗದು. ಓದಬೇಕೋ ಬೇಡವೋ, ಈಗಲೋ ಆಮೇಲೋ ಎಂಬ ದಿನದಿನದ ತೀರ್ಮಾನವನ್ನು ರೂಢಿ ಕೈಗೆತ್ತಿಕೊಂಡರೆ ಅಷ್ಟು ಗಮನ ಪದ್ಯಕ್ಕೇ ಉಳಿಯುತ್ತದೆ. ಹೊಸತನದ ಬಗ್ಗೆ ಮಾತ್ರ ಒಂದನ್ನು ಪೂರ್ಣವಾಗಿ ಒಪ್ಪಬೇಕು. ಕವಿತೆಯೊಂದರ ಮೊದಲ ಓದಿನ ಬೆರಗು ಎರಡನೆಯ ಸಲ ಬರುವುದಿಲ್ಲ, ಯಾವ ಅಭ್ಯಾಸವೂ ಅದನ್ನು ಮರಳಿ ತರಲಾರದು. ಆ ಬೆರಗಷ್ಟೇ ಕವಿತೆಯ ಸರ್ವಸ್ವವಾಗಿದ್ದರೆ ಮರುಓದು ನಷ್ಟದ ಕೆಲಸವೇ ಸರಿ. ಪ್ರಶ್ನೆ ಇರುವುದು ಆಮೇಲೆ ಏನು ಉಳಿಯುತ್ತದೆ ಎಂಬುದರಲ್ಲಿ. ಕೊನೆಯ ಸಾಲಿನ ತಿರುವಿಗಾಗಿಯೇ ಬರೆದ ಪದ್ಯದಲ್ಲಿ ಹೆಚ್ಚೇನೂ ಉಳಿಯದು. ಒಳ್ಳೆಯ ಪದ್ಯದಲ್ಲಿ ಉಳಿಯುವುದು ಬಹಳ, ಅದರಲ್ಲಿ ಬಹುಪಾಲು ಮೊದಲ ಓದಿಗೆ ಕೇಳಿಸುವುದೇ ಇಲ್ಲ.

ಛಂದಸ್ಸನ್ನೇ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಹದಿನೈದನೆಯ ಶತಮಾನದ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ ಭಾಮಿನಿ ಷಟ್ಪದಿಯಲ್ಲಿದೆ. ಅದರ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬಂದು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳು ಅದೇ ನಡೆಯಲ್ಲಿ ಇನ್ನಷ್ಟು ಮುಂದುವರಿದು ಒಂದು ಗುರುವಿನಲ್ಲಿ ನಿಂತು 23 ಮಾತ್ರೆ. ಒಟ್ಟು 102. ಈ ಲೆಕ್ಕವನ್ನು ಪಠ್ಯಪುಸ್ತಕದಿಂದ ಅರ್ಧ ಗಂಟೆಯಲ್ಲಿ ಕಲಿಯಬಹುದು. ಆದರೆ ಲೆಕ್ಕ ಗೊತ್ತಿರುವುದಕ್ಕೂ ಅದು ಕಿವಿಯಲ್ಲಿ ಕೂತಿರುವುದಕ್ಕೂ ಬಹಳ ದೂರ. ಹೊಸದಾಗಿ ಓದುವವರಿಗೆ ಪದಗಳು ಸಾಲಿನ ಕೊನೆಯಲ್ಲಿ ಒಡೆದು ಮುಂದಿನ ಸಾಲಿಗೆ ಹರಿಯುವುದು ತೊಡಕಾಗಿ ಕಾಣುತ್ತದೆ. ಪದ ಜೋಡಿಸಿ ಅರ್ಥ ಮಾಡಿಕೊಳ್ಳುವುದರಲ್ಲೇ ಗಮನವೆಲ್ಲ ಮುಗಿಯುತ್ತದೆ. ಕೆಲವು ವಾರ ದಿನವೂ ದನಿ ಎತ್ತಿ ಓದಿದ ಮೇಲೆ ಮೂರು-ನಾಲ್ಕರ ನಡೆಯನ್ನು ಕಿವಿ ತಾನಾಗಿಯೇ ನಿರೀಕ್ಷಿಸತೊಡಗುತ್ತದೆ. ಕುಮಾರವ್ಯಾಸನ ನಿಜವಾದ ಕೌಶಲ ಕಾಣಿಸತೊಡಗುವುದು ಅಲ್ಲಿಂದಲೇ. ಮಾತಿನ ಓಟ ಒಂದು ಕಡೆಗೆ ಎಳೆಯುತ್ತದೆ, ಗಣದ ನಡೆ ಇನ್ನೊಂದು ಕಡೆಗೆ ಎಳೆಯುತ್ತದೆ. ಸಿಟ್ಟಿನ ಮಾತಿನಲ್ಲಿ ಎರಡೂ ಢಿಕ್ಕಿ ಹೊಡೆಯುತ್ತವೆ, ಅಂಗಲಾಚುವ ಮಾತಿನಲ್ಲಿ ಒಂದಾಗಿ ಹರಿಯುತ್ತವೆ. ನಿಯಮ ಮೈಗೂಡದ ಕಿವಿಗೆ ಈ ಎಳೆದಾಟ ಕೇಳಿಸುವಂತೆಯೇ ಇಲ್ಲ, ಏಕೆಂದರೆ ಮುರಿತ ಕೇಳಿಸಬೇಕಾದರೆ ಮುರಿಯದಿರುವುದು ಮೊದಲು ಪರಿಚಿತವಾಗಿರಬೇಕು. ಎಂದರೆ ಕಾವ್ಯದಲ್ಲಿ ಹೊಸತನ್ನು ಗುರುತಿಸುವ ಶಕ್ತಿಯೇ ರೂಢಿಯ ಮೇಲೆ ನಿಂತಿದೆ. ಎರಡನೆಯ ವಾದವು ರೂಢಿಯನ್ನೂ ಹೊಸತನವನ್ನೂ ಎದುರಾಳಿಗಳೆಂದು ಭಾವಿಸಿದ್ದೇ ಅದರ ದೋಷ.

ಛಂದೋಬದ್ಧ ಕಾವ್ಯಕ್ಕೆ ಮಾತ್ರ ಹೊಂದುವ ಮಾತು ಇದು ಎಂಬ ಆಕ್ಷೇಪ ಏಳಬಹುದು. ಆಧುನಿಕ ಕಾವ್ಯಕ್ಕೆ ಅದು ಇನ್ನೂ ಹೆಚ್ಚು ಸಲ್ಲುತ್ತದೆ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ನ ಮಹಾಛಂದಸ್ಸು ಐದು ಮಾತ್ರೆಯ ಗಣಗಳ ಸರಳ ರಗಳೆಯ ಬೆನ್ನ ಮೇಲೆ ಬೆಳೆದದ್ದು, ಆ ರಗಳೆ ಕಿವಿಯಲ್ಲಿಲ್ಲದವರಿಗೆ ಅದರ ಉದ್ದುದ್ದ ವಾಕ್ಯಗಳು ಬರೀ ಉದ್ದವಾಗಿ ಕಾಣುತ್ತವೆ. ಗೋಪಾಲಕೃಷ್ಣ ಅಡಿಗರು 1954ರ ‘ಚಂಡೆಮದ್ದಳೆ’ಯಲ್ಲಿಯೂ 1959ರ ‘ಭೂಮಿಗೀತ’ದಲ್ಲಿಯೂ ನವೋದಯದ ಹಾಡುವ ಲಯದಿಂದ ಹೊರಬಂದದ್ದನ್ನು ವಿಮರ್ಶಕರು ಎಷ್ಟೋ ಸಲ ಬರೆದಿದ್ದಾರೆ. ಆ ಹಾಡುವ ಲಯ ಮೈಗೂಡಿದವರಿಗೆ ಮಾತ್ರ ಅಡಿಗರು ಏನನ್ನು ಬಿಟ್ಟರು, ಏನನ್ನು ಬಿಡದೆ ಒಳಗೇ ಇಟ್ಟುಕೊಂಡರು ಎಂಬುದು ಕೇಳುತ್ತದೆ. ಉಳಿದವರಿಗೆ ಅದು ತುಂಡು ತುಂಡು ಗದ್ಯ. ಮುಕ್ತಛಂದ ‘ಸುಲಭ’ ಎಂಬ ಭಾವನೆ ಇಷ್ಟು ಹರಡಿರುವುದಕ್ಕೆ, ಬದ್ಧ ಛಂದಸ್ಸಿನ ದೈನಂದಿನ ಸಂಪರ್ಕ ತಪ್ಪಿಹೋಗಿರುವುದೂ ಒಂದು ಕಾರಣ.

ಮರುಓದಿನಿಂದ ಆಗುವ ಇನ್ನೊಂದು ಕೆಲಸ ನೆನಪಿಗೆ ಸಂಬಂಧಿಸಿದ್ದು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಸ್ಮರಣೆಯ ಅಧ್ಯಯನ ಈ ಕ್ಷೇತ್ರದ ಮೊದಲ ಪ್ರಯೋಗಗಳಲ್ಲೊಂದು. ಒಂದೇ ದಿನ ಒಟ್ಟಿಗೆ ಮಾಡಿದ ಆವೃತ್ತಿಗಳಿಗಿಂತ ಹಲವು ದಿನಗಳಿಗೆ ಹಂಚಿದ ಆವೃತ್ತಿಗಳಿಂದ ಕಡಿಮೆ ಶ್ರಮದಲ್ಲಿ ಹೆಚ್ಚು ನೆನಪುಳಿಯುತ್ತದೆಂದು ಅವನು ತೋರಿಸಿದ. ಅರ್ಥವಿಲ್ಲದ ಅಕ್ಷರಗುಂಪುಗಳ ಜೊತೆಗೆ ಬೈರನ್ನನ ‘ಡಾನ್ ಹ್ವಾನ್’ ಕಾವ್ಯದ ಪದ್ಯಗಳನ್ನೂ ಬಾಯಿಪಾಠ ಮಾಡಿ ಹೋಲಿಸಿದ. ಪದ್ಯಕ್ಕೆ ಸುಮಾರು ಹತ್ತನೆಯ ಒಂದು ಪಾಲು ಶ್ರಮ ಸಾಕಾಯಿತು. ಅರ್ಥ, ಲಯ, ಪ್ರಾಸ ಮೂರೂ ನೆನಪಿಗೆ ಹಿಡಿಕೆಗಳು. ಕಂಠಪಾಠವನ್ನು ಗುರಿಯಾಗಿ ಇಟ್ಟುಕೊಳ್ಳದಿದ್ದರೂ ಕೆಲವು ದಿನ ಓದಿದ ಪದ್ಯ ಅರೆಬರೆ ಕಂಠಸ್ಥವಾಗುತ್ತದೆ ಎಂಬುದು ಇದರಿಂದ ಸಹಜ. ಇದರ ಪ್ರಯೋಜನ ಸಭೆಯಲ್ಲಿ ಹೇಳಿ ಮೆಚ್ಚುಗೆ ಪಡೆಯುವುದಕ್ಕಿಂತ ದೊಡ್ಡದು. ಪದ್ಯದ ಕೊನೆಯ ಭಾಗದ ಒಂದು ಮಾತು ಮೊದಲ ಭಾಗದ ಮಾತಿಗೆ ಉತ್ತರ ಕೊಡುತ್ತಿರುತ್ತದೆ. ಎರಡನೆಯ ಅಕ್ಷರದ ಪ್ರಾಸ ದೂರದ ಎರಡು ಪದಗಳನ್ನು ಎದುರುಬದುರಾಗಿ ನಿಲ್ಲಿಸುತ್ತದೆ. ಇವೆಲ್ಲ ಕೂಡಿ ಬರುವುದು ಇಡೀ ಪದ್ಯ ಒಟ್ಟಿಗೆ ಮನಸ್ಸಿನಲ್ಲಿ ಇದ್ದಾಗ. ಮೊದಲ ಓದಿನಲ್ಲಿ ಪದ್ಯ ಸಾಲುಸಾಲಾಗಿ ಬಂದು ಹಾದುಹೋಗುತ್ತದೆ. ಒಂದು ವಾರ ಕಳೆದ ಮೇಲೆ ಅದು ಇಡಿಯಾಗಿ ಕಾಣುತ್ತದೆ.

ಶಾಲೆಯ ಅನುಭವವನ್ನು ಮುಂದಿಡುವ ಮೂರನೆಯ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಶಾಲೆಯ ಪದ್ಯಪಾಠ ಬೇಸರ ತರುವುದು ಅದು ದಿನವೂ ಇರುವುದರಿಂದಲ್ಲ. ಹಾಗೆ ನೋಡಿದರೆ ಒಂದು ತರಗತಿಯ ಪಠ್ಯದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಪದ್ಯಗಳಷ್ಟೇ ಇರುತ್ತವೆ. ಸಾರಾಂಶ ಬರೆಯಿರಿ, ಸಂದರ್ಭ ಸಹಿತ ವಿವರಿಸಿ, ಅಲಂಕಾರ ಗುರುತಿಸಿ ಎಂಬ ಪ್ರಶ್ನೆಗಳಿಗಾಗಿಯೇ ಪದ್ಯ ಇದೆಯೆಂಬ ಭಾವ ಬೇಸರಕ್ಕೆ ಕಾರಣ. ದೈನಂದಿನತೆಯನ್ನೂ ಪರೀಕ್ಷೆಯನ್ನೂ ಬೇರ್ಪಡಿಸಿ ನೋಡಿದ ಉದಾಹರಣೆ ಅಮೆರಿಕದಲ್ಲಿದೆ. ಅಲ್ಲಿನ ಪೊಯೆಟ್ ಲಾರಿಯೆಟ್ ಆಗಿದ್ದ ಬಿಲ್ಲಿ ಕಾಲಿನ್ಸ್ 2002ರಲ್ಲಿ, ಶಾಲಾ ವರ್ಷದ ಸುಮಾರು 180 ದಿನಗಳಿಗೆ ದಿನಕ್ಕೊಂದು ಕವಿತೆಯಂತೆ ಪ್ರೌಢಶಾಲೆಗಳಲ್ಲಿ ಓದಿಸುವ ‘ಪೊಯಟ್ರಿ 180’ ಯೋಜನೆಯನ್ನು ಆರಂಭಿಸಿದರು. ಕವಿತೆಯನ್ನು ಕೇಳಿಸಿದರೆ ಸಾಕು, ವಿಶ್ಲೇಷಣೆ, ಪ್ರಶ್ನೋತ್ತರ ಬೇಡ ಎಂಬುದು ಅದರ ಮುಖ್ಯ ನಿಯಮ. ದಿನವೂ ಇದ್ದೂ ಒತ್ತಾಯವಾಗದ ಓದು ಇರಬಲ್ಲದು ಎಂಬುದನ್ನು ಆ ಯೋಜನೆಯ ರಚನೆಯೇ ತೋರಿಸುತ್ತದೆ. ಒಬ್ಬರು ತಮಗೆ ತಾವೇ ಹಾಕಿಕೊಂಡ ಪರಿಪಾಠದಲ್ಲಂತೂ ಪರೀಕ್ಷಕರೇ ಇರುವುದಿಲ್ಲ.

ಇವೆಲ್ಲಕ್ಕಿಂತ ಕಠಿಣವಾದ ಆಕ್ಷೇಪ ಕನ್ನಡ ನಾಡಿನ ಸ್ವಂತ ಅನುಭವದಿಂದ ಬರುತ್ತದೆ. ದಿನವೂ ಪದ್ಯ ಓದುವ ಪದ್ಧತಿ ಇಲ್ಲಿ ಹೊಸದಲ್ಲ. ಪಾರಾಯಣ ಎಂಬ ಹೆಸರಿನಲ್ಲಿ ಅದು ತಲೆಮಾರುಗಳಿಂದ ಇದೆ. ಪಾರಾಯಣದಲ್ಲಿ ನಾಲಗೆ ಓಡುತ್ತಿರುತ್ತದೆ, ಮನಸ್ಸು ಅಡುಗೆಮನೆಯಲ್ಲೋ ಕಚೇರಿಯಲ್ಲೋ ಇರುತ್ತದೆ ಎಂಬುದನ್ನು ಪಾರಾಯಣ ಮಾಡುವವರೇ ಒಪ್ಪುತ್ತಾರೆ. ರೂಢಿ ಗಮನವನ್ನು ಕೊಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? ಆಕ್ಷೇಪದ ಬಲವನ್ನು ಕಡಿಮೆ ಮಾಡಿ ಹೇಳಬಾರದು, ಅಪಾಯ ನಿಜ. ಆದರೆ ಅದಕ್ಕೆ ಕಾರಣವೇನೆಂದು ನೋಡಬೇಕು. ಪಾರಾಯಣದಲ್ಲಿ ಇಂತಿಷ್ಟು ದಿನಗಳಲ್ಲಿ ಇಷ್ಟು ಮುಗಿಯಬೇಕು ಎಂಬ ಪ್ರಮಾಣವಿರುತ್ತದೆ, ಮುಗಿಸಿದ್ದಕ್ಕೆ ಫಲವಿರುತ್ತದೆ. ಫಲ ಓದಿನ ಗುಣಕ್ಕೆ ಅಂಟಿಕೊಂಡದ್ದಲ್ಲ, ಸಂಖ್ಯೆಗೆ ಅಂಟಿಕೊಂಡದ್ದು. ಸಂಖ್ಯೆ ಮುಖ್ಯವಾದ ಕಡೆ ಗಮನ ಹೊರೆಯಾಗುತ್ತದೆ, ಏಕೆಂದರೆ ಅದು ವೇಗ ತಗ್ಗಿಸುತ್ತದೆ. ಭಕ್ತಿಯ ದೃಷ್ಟಿಯಿಂದ ಪಾರಾಯಣಕ್ಕೆ ಅದರದೇ ಆದ ಸಮರ್ಥನೆ ಇರಬಹುದು. ಅದು ಇಲ್ಲಿನ ವಿಷಯವಲ್ಲ. ಕಾವ್ಯದ ಓದಿಗೆ ಅದರಿಂದ ಸಿಗುವ ಪಾಠವೆಂದರೆ ಪ್ರಮಾಣದ ಗುರಿ ಇಟ್ಟುಕೊಳ್ಳಬಾರದು ಎಂಬುದು.

ಅದೇ ನಾಡು, ಅದೇ ಕಾವ್ಯಗಳನ್ನು ಇಟ್ಟುಕೊಂಡು ಬೇರೆ ದಾರಿಯನ್ನೂ ತೋರಿಸಿದೆ. ಗಮಕದಲ್ಲಿ ಒಬ್ಬರು ರಾಗವಾಗಿ ಪದ್ಯ ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಪದ್ಯ ನಿಲ್ಲುತ್ತದೆ, ಅರ್ಥ ಬರುತ್ತದೆ, ಮತ್ತೆ ಪದ್ಯ ಮುಂದುವರಿಯುತ್ತದೆ. ಶಿವಮೊಗ್ಗ ಬಳಿಯ ಹೊಸಹಳ್ಳಿ, ಮತ್ತೂರುಗಳು ಈ ಕಲೆಗೆ ಹೆಸರಾದವು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಹೊಸಹಳ್ಳಿಯವರು. ಶ್ರಾವಣದಲ್ಲಿ ಸಂಜೆಸಂಜೆ ನಡೆಯುವ ಭಾರತವಾಚನಕ್ಕೆ ಬರುವವರಿಗೆ ಕಥೆ ಗೊತ್ತೇ ಇರುತ್ತದೆ, ಹಲವು ಪದ್ಯಗಳೂ ಗೊತ್ತಿರುತ್ತವೆ. ಗೊತ್ತಿದ್ದೂ ಅವರು ಬರುತ್ತಾರೆ, ಇಂದಿನ ಗಮಕಿ ಇದೇ ಪದ್ಯವನ್ನು ಯಾವ ರಾಗದಲ್ಲಿ ಎತ್ತಿಕೊಂಡರು, ಎಲ್ಲಿ ನಿಲ್ಲಿಸಿದರು ಎಂದು ಗಮನಿಸುತ್ತಾರೆ. ದಿನದಿನದ ಸಂಪರ್ಕ ಇಲ್ಲಿ ಗಮನವನ್ನು ಹರಿತ ಮಾಡಿದೆ. ಪಾರಾಯಣಕ್ಕೂ ಇದಕ್ಕೂ ಇರುವ ವ್ಯತ್ಯಾಸ ರೂಢಿ ಇದೆಯೋ ಇಲ್ಲವೋ ಎಂಬುದರಲ್ಲಿಲ್ಲ. ನಿಲ್ಲಿಸಿ ನೋಡುವುದಕ್ಕೆ ಒಂದರಲ್ಲಿ ಅವಕಾಶವಿದೆ, ಇನ್ನೊಂದರಲ್ಲಿ ಇಲ್ಲ.

ಇನ್ನೊಂದು ಆಕ್ಷೇಪಕ್ಕೆ ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಆಧಾರ ಕೊಡುವುದುಂಟು. ಕನ್ನಡದ ಜನ ಓದು ಕಲಿಯದೆಯೇ ಕಾವ್ಯದಲ್ಲಿ ಪರಿಣತರು ಎಂಬರ್ಥದ ಹೊಗಳಿಕೆ ಅದರಲ್ಲಿದೆ. ಹಾಗಿದ್ದರೆ ಅಭ್ಯಾಸದ ಅಗತ್ಯವೆಲ್ಲಿ, ಕಾವ್ಯಪ್ರೀತಿ ನೆಲದ ಗುಣವಲ್ಲವೇ ಎಂಬುದು ವಾದ. ಈ ವಾದ ಶಾಸ್ತ್ರದ ಓದನ್ನೂ ಕಾವ್ಯದ ಒಡನಾಟವನ್ನೂ ಒಂದೇ ಮಾಡುತ್ತದೆ. ಓದು ಬಾರದ ಜನರಿಗೆ ಒಡನಾಟ ಇರಲಿಲ್ಲವೆಂದಲ್ಲ, ಅದು ಅವರ ಆಯ್ಕೆಯಿಲ್ಲದೆಯೇ ದಿನವೂ ಒದಗುತ್ತಿತ್ತು. ಹತ್ತಿರದ ಕಾಲದ ಸಾಕ್ಷಿ ಬೇಕಾದರೆ ಬೀಸುವ ಪದಗಳಿವೆ. ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಸಂಗ್ರಹಿಸಿದಾಗ ಅವರ ಕೈಗೆ ಸಿಕ್ಕಿದ ತ್ರಿಪದಿಗಳು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳ ಬಾಯಲ್ಲಿ ದಿನವೂ ತಿರುಗುತ್ತಿದ್ದವು. ಹಿಟ್ಟು ದಿನವೂ ಬೇಕಾಗಿತ್ತು, ಆದ್ದರಿಂದ ಹಾಡೂ ದಿನವೂ ಬರುತ್ತಿತ್ತು. ಮನಸ್ಸು ಬಂದ ದಿನ ಮಾತ್ರ ಬೀಸುವ ಅನುಕೂಲ ಯಾವ ಮನೆಯಲ್ಲೂ ಇರಲಿಲ್ಲ. ಆ ಪದಗಳ ರಸ ಇದರಿಂದ ಕುಂದಿತೆಂದು ಅವನ್ನು ಓದಿದ ಯಾರೂ ಹೇಳಲಾರರು. ಹಿಟ್ಟಿನ ಗಿರಣಿ ಬಂದ ಮೇಲೆ ದುಡಿಮೆ ಹಗುರಾಯಿತು, ಅದು ಒಳ್ಳೆಯದೇ ಆಯಿತು. ಜೊತೆಗೆ ಕಾವ್ಯದ ದಿನನಿತ್ಯದ ಸಂದರ್ಭವೂ ಹೋಯಿತು. ಹಿಂದೆ ಕೆಲಸ ತಾನಾಗಿ ಒದಗಿಸುತ್ತಿದ್ದುದನ್ನು ಈಗ ಬೇಕೆಂದು ಏರ್ಪಡಿಸಿಕೊಳ್ಳಬೇಕಾಗಿದೆ. ದಿನವೂ ಓದುವ ಪರಿಪಾಠ ಕೃತಕವಾಗಿ ಕಾಣುವುದು ಈ ಬದಲಾವಣೆಯಿಂದಲೇ.

ನಂಬಿಕೆಯ ಗೊಂದಲ ಒಂದೇ ಬದಿಯದಲ್ಲ ಎಂಬುದನ್ನೂ ಹೇಳಬೇಕು. ದಿನವೂ ಕವಿತೆ ಓದಬೇಕೆಂದು ಇತ್ತೀಚೆಗೆ ಹೇಳುವವರಲ್ಲಿ ಕೆಲವರು ಅದನ್ನು ವ್ಯಾಯಾಮದಂತೆ ವರ್ಣಿಸುತ್ತಾರೆ. ದಿನಕ್ಕೆ ಹತ್ತು ನಿಮಿಷ, ಮನಸ್ಸಿಗೆ ನೆಮ್ಮದಿ, ಮಾತಿಗೆ ಸೊಗಸು, ಸ್ವಭಾವಕ್ಕೆ ಮೃದುತ್ವ. ಈ ಹೋಲಿಕೆ ತಪ್ಪುದಾರಿ ತೋರಿಸುತ್ತದೆ. ವ್ಯಾಯಾಮದಲ್ಲಿ ಇಂದು ಎತ್ತಿದ ಭಾರಕ್ಕಿಂತ ಅದರಿಂದ ಮೈಗೆ ಆಗುವ ಲಾಭ ಮುಖ್ಯ, ಭಾರದ ಬದಲು ಇನ್ನೊಂದನ್ನು ಎತ್ತಿದರೂ ನಡೆಯುತ್ತದೆ. ಪದ್ಯದ ಬದಲು ಇನ್ನೊಂದು ಪದ್ಯವಾದರೂ ನಡೆಯುತ್ತದೆ ಎಂದುಕೊಂಡವರು ಇನ್ನೂ ಓದಲು ತೊಡಗಿಲ್ಲ. ಕಾವ್ಯ ಓದಿದವರೆಲ್ಲ ಮೃದು ಸ್ವಭಾವದವರಾಗುತ್ತಾರೆಂಬುದಕ್ಕೂ ಚರಿತ್ರೆಯಲ್ಲಿ ಆಧಾರ ಸಾಲದು; ಕಾವ್ಯಪ್ರಿಯರಾದ ಕ್ರೂರ ಅರಸರು ಬೇಕಾದಷ್ಟು ಜನ ಆಗಿಹೋಗಿದ್ದಾರೆ. ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ದಿನಕ್ಕೊಂದು ಪದ್ಯವೂ ಓದಿನ ಪರಿಪಾಠವಲ್ಲ. 1943ರಲ್ಲಿ ಪ್ರಕಟವಾದ ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ ಇದಕ್ಕೆ ಹೆಚ್ಚಾಗಿ ಬಲಿಯಾಗಿರುವ ಕೃತಿ. ನಾಲ್ಕು ಸಾಲಿನ 945 ಪದ್ಯಗಳು; ದಿನಕ್ಕೊಂದರಂತೆ ನೋಡಿ ಮುಂದೆ ದಾಟಿಸಿದರೆ ಎರಡು ವರ್ಷ ಏಳು ತಿಂಗಳಲ್ಲಿ ಮುಗಿಯುತ್ತದೆ. ಹಾಗೆ ಮುಗಿಸಿದವರ ಕೈಯಲ್ಲಿ ಉಳಿಯುವುದು ಬುದ್ಧಿಮಾತುಗಳ ಕಂತೆ. ಕಗ್ಗದ ಪದ್ಯಗಳು ಒಂದರ ಜೊತೆಗೊಂದು ವಾದ ಮಾಡುತ್ತವೆ. ಒಂದೆಡೆ ಹೇಳಿದ್ದನ್ನು ಇನ್ನೊಂದೆಡೆ ಅನುಮಾನಿಸುತ್ತವೆ. ಬಿಡಿಬಿಡಿಯಾಗಿ ಬಂದು ಹೋಗುವ ಪದ್ಯದಲ್ಲಿ ಆ ಜಗಳ ಕಾಣುವುದಿಲ್ಲ.

ಮೇಲಿನ ಚರ್ಚೆಯಿಂದ ಪರಿಪಾಠದ ರೂಪವೂ ಬಹುಮಟ್ಟಿಗೆ ಹೊರಪಡುತ್ತದೆ. ಪ್ರಮಾಣ ಚಿಕ್ಕದಿರಬೇಕು. ಒಂದು ಭಾಮಿನಿ ಪದ್ಯವನ್ನು ನಿಧಾನವಾಗಿ ಓದಿದರೂ ಒಂದು ನಿಮಿಷ ಹಿಡಿಯದು. ಐದಾರು ಪದ್ಯಗಳನ್ನು ಎರಡೆರಡು ಸಲ ಓದಲು ಕಾಲು ಗಂಟೆ ಸಾಕು. ದನಿ ಎತ್ತಿ ಓದಬೇಕು, ಏಕೆಂದರೆ ಮೇಲೆ ಹೇಳಿದ ಲಾಭಗಳಲ್ಲಿ ಅರ್ಧಕ್ಕೂ ಹೆಚ್ಚು ಕಿವಿಯ ಮೂಲಕ ಬರುವಂಥವು. ನಿನ್ನೆಯದನ್ನು ಇಂದು ಮತ್ತೆ ಓದಿ ಆಮೇಲೆ ಹೊಸದಕ್ಕೆ ಹೋಗಬೇಕು. ಮುಗಿಸುವ ಆಸೆಯನ್ನು ಬಿಡಬೇಕು: ಎಂಟು ಸಾವಿರಕ್ಕೂ ಮೀರಿದ ಪದ್ಯಗಳಿರುವ ಕುಮಾರವ್ಯಾಸ ಭಾರತವನ್ನು ದಿನಕ್ಕೊಂದರಂತೆ ಓದಿದರೆ ಇಪ್ಪತ್ತೆರಡು ವರ್ಷವಾದರೂ ಬೇಕು, ಆದ್ದರಿಂದ ಲೆಕ್ಕ ಹಿಡಿಯುವುದರಲ್ಲಿ ಅರ್ಥವಿಲ್ಲ. ವ್ಯಾಖ್ಯಾನ, ಅರ್ಥಕೋಶಗಳು ಕೈಗೆಟುಕುವಂತೆ ಇರಲಿ, ಆದರೆ ಓದು ಅವುಗಳಿಂದ ಶುರುವಾಗಬಾರದು. ವ್ಯಾಕರಣ, ನಿಘಂಟುಗಳ ತಿಳಿವಳಿಕೆ ಒಂದರಿಂದಲೇ ಕಾವ್ಯಾರ್ಥ ದಕ್ಕದು ಎಂದು ಆನಂದವರ್ಧನ ಒಂಬತ್ತನೆಯ ಶತಮಾನದಲ್ಲೇ ಎಚ್ಚರಿಸಿದ್ದಾನೆ. ಏನೂ ದಕ್ಕದ ದಿನಗಳೂ ಬರುತ್ತವೆ, ಸಾಕಷ್ಟು ಬರುತ್ತವೆ. ಅಂಥ ದಿನ ಓದಿದ್ದು ವ್ಯರ್ಥವೆನ್ನುವ ಹಾಗಿಲ್ಲ: ನಾಲಗೆಗೆ ಪದ್ಯದ ನಡೆ ಸಿಕ್ಕಿರುತ್ತದೆ, ಮರುದಿನದ ತಡೆ ಅಷ್ಟು ಕಡಿಮೆಯಾಗಿರುತ್ತದೆ. ಆದರೆ ಒಂದೇ ಪದ್ಯ ವಾರಗಟ್ಟಲೆ ಹೀಗೆಯೇ ಜಾರಿಹೋಗುತ್ತಿದ್ದರೆ, ಓದುತ್ತಿರುವುದು ನಾಲಗೆ ಮಾತ್ರ ಎಂದು ತಿಳಿದು ಅದನ್ನು ಕೆಲವು ತಿಂಗಳು ಬದಿಗಿಡುವುದು ಲೇಸು.

ಎಲ್ಲ ಕಾವ್ಯವೂ ಈ ಕ್ರಮಕ್ಕೆ ಒಗ್ಗುವುದಿಲ್ಲ. ನೀಳ್ಗವಿತೆಗಳನ್ನು ತುಂಡು ಮಾಡಿ ಓದಿದರೆ ಅವುಗಳ ಕಟ್ಟಡ ಕೈತಪ್ಪುತ್ತದೆ. ‘ಭೂಮಿಗೀತ’ ಕವಿತೆಯನ್ನು ಒಂದೇ ಬಾರಿಗೆ ಓದಬೇಕು, ವಾರಕ್ಕೊಮ್ಮೆಯಾದರೂ ಸರಿ. ದಿನದ ಓದಿಗೆ ತೊಡಗುವವರು ಚಿಕ್ಕ, ನಿಯತ ಲಯದ ಪದ್ಯಗಳಿಂದ ಹೊರಡುವುದು ಅನುಕೂಲ. ತ್ರಿಪದಿಯಾಗಬಹುದು, ಭಾಮಿನಿಯಾಗಬಹುದು. ಭಾಮಿನಿಗೆ ಕಿವಿ ಹೊಂದಿದವರು ಲಕ್ಷ್ಮೀಶನ ‘ಜೈಮಿನಿ ಭಾರತ’ದ ವಾರ್ಧಕಕ್ಕೆ ಬಂದಾಗ ಮೊದಲ ಕೆಲವು ದಿನ ಎಡವುತ್ತಾರೆ. ಮೂರು-ನಾಲ್ಕರ ನಡೆಯನ್ನು ನಿರೀಕ್ಷಿಸುವ ಕಿವಿಗೆ ಐದು ಐದರ ನಡೆ, 144 ಮಾತ್ರೆಗಳ ವಿಸ್ತಾರ ಹೊಸದು. ಆ ಎಡವುವಿಕೆ ನಿಂತಾಗ ಎರಡು ಛಂದಸ್ಸುಗಳ ವ್ಯತ್ಯಾಸ, ಅದರ ಜೊತೆಗೆ ಇಬ್ಬರು ಕವಿಗಳ ಸ್ವಭಾವದ ವ್ಯತ್ಯಾಸ ವಿಮರ್ಶಕರ ಸಹಾಯವಿಲ್ಲದೆ ತಿಳಿಯುತ್ತದೆ. ಅಲ್ಲಿಂದ ರಗಳೆಗೆ, ರಗಳೆಯಿಂದ ಕುವೆಂಪು, ಅಡಿಗರ ಕಡೆಗೆ ಬರುವುದು ಕಷ್ಟವಲ್ಲ. ಹಳಗನ್ನಡಕ್ಕೆ ಹೋಗುವುದಿದ್ದರೆ ಕಂದಪದ್ಯ ಒಳ್ಳೆಯ ಬಾಗಿಲು: ನಾಲ್ಕೇ ಸಾಲು, 64 ಮಾತ್ರೆ. 941ರ ಸುಮಾರಿಗೆ ಪಂಪ ಬರೆದ ‘ವಿಕ್ರಮಾರ್ಜುನ ವಿಜಯ’ದ ಕಂದಗಳನ್ನು ದಿನಕ್ಕೊಂದೆರಡರಂತೆ ಅರ್ಥದ ಸಹಾಯದಿಂದ ಓದುತ್ತ ಹೋದರೆ, ಹಳೆಯ ಪ್ರತ್ಯಯಗಳು ಕೆಲವು ತಿಂಗಳಲ್ಲಿ ಪರಿಚಿತವಾಗಿ ಪಂಪನ ವೃತ್ತಗಳೂ ನಡುವಿನ ಗದ್ಯವೂ ಕೈಗೆ ಬರತೊಡಗುತ್ತವೆ.